ಸೈತೂನ್ ಬೀವಿ ಯಾರನ್ನು ಕಾಪಿ ಹೊಡೆದರು?

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ನಾನು ಪೆನ್ನು ಕಚ್ಚುತ್ತ ಕೂತಿರುವಷ್ಟರಲ್ಲಿ ಕಥಾನಾಯಕಿ ಬಸ್ಸಿನಿಂದ ಇಳಿದೇಬಿಟ್ಟಳು.

"ಇರಮ್ಮ, ನಾನಿನ್ನೂ ಬಸ್ಸಿನ ವರ್ಣನೆಯನ್ನೇ ಮಾಡಿಲ್ಲ" ಎಂದೆ.

"ಕೊಯಮತ್ತೂರಿನ ಟೌನ್ ಬಸ್ಸು ನಿಮ್ಮ ವರ್ಣನೆಗೆಲ್ಲ ಕಾಯಲ್ಲ ಮೇಡಂ" ಎಂದಳು.

ಇವಳು ಹಿನಾ. ಹರಿಹರದವಳು. ಅಲ್ಲಿ ಹೆಣ್ಣುಮಕ್ಕಳ ಮದರಸಾದಲ್ಲಿ ಧರ್ಮಶಾಸ್ತ್ರ ಓದಿ ಆಲಿಮಾ ಅನ್ನಿಸಿಕೊಂಡವಳು. ಆಮೇಲೆ ಎಂ.ಎ. ಮುಗಿಸಿ, ಈಗ ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಇಷ್ಟು ಸಿಕ್ಕಿದ್ದೇ ತಡ, ನನ್ನ ಕೈ ಕೆರೆಯತೊಡಗಿತು. ಓದುಬಳಗಗಳಲ್ಲಿ ಬೆಳೆದ ಬಂಡಾಯದ ಕೈ ಇದು, ಅನ್ಯಾಯದ ವಾಸನೆ ಬಡಿದರೆ ತಾನೇ ಬರೆಯುತ್ತದೆ.

ಮೊದಲ ಕರಡು: ಮದರಸಾದ ಕತ್ತಲೆಯಿಂದ ವಿಶ್ವವಿದ್ಯಾಲಯದ ಬೆಳಕಿಗೆ ಬಂದ ಹೆಣ್ಣು.

"ಮದರಸಾದಲ್ಲಿ ಕರೆಂಟ್ ಇತ್ತು" ಎಂದಳು ಹಿನಾ. "ಯುಪಿಎಸ್ ಕೂಡ ಇತ್ತು. ಕರೆಂಟ್ ಹೋಗೋದು ನಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ."

ಹರಿದು ಹಾಕಿದೆ.

ಎರಡನೇ ಕರಡು: ಕುಂಕುಮ, ಹುರಿಮೀಸೆ, ಕೆಂಗಣ್ಣಿನ ಗೈಡು. ಮುಗ್ಧ ಮುಸ್ಲಿಂ ಹುಡುಗಿ.

"ಧನಪಾಲ್ ಸರ್‌ಗೆ ಮೀಸೆಯೇ ಇಲ್ಲ. ರಂಜಾನ್ ತಿಂಗಳಲ್ಲಿ ನನ್ನೆದುರು ಟೀ ಕುಡಿಯೋಕೆ ಸಂಕೋಚ ಅಂತ ಬಾತ್‌ರೂಮಿಗೆ ಲೋಟ ತಗೊಂಡು ಹೋಗ್ತಿದ್ದ ಮನುಷ್ಯ ಅವರು. ಮತ್ತೆ, ನಾನು ಮುಗ್ಧೆ ಅಂತ ನಿಮಗೆ ಯಾರು ಹೇಳಿದ್ದು?"

ಇದನ್ನೂ ಹರಿದೆ. ಸಿಟ್ಟು ಬಂತು. "ಹಾಗಾದರೆ ನಿನಗೆ ಅನ್ಯಾಯ ಎಲ್ಲಿ ಆಗಿದೆ ಅಂತ ಬೇಗ ಹೇಳು ತಾಯಿ. ಭಾನುವಾರ ಬಳಗದಲ್ಲಿ ಕಥೆ ಓದಬೇಕು ನಾನು."

"ನಾಲ್ಕನೇ ಅಧ್ಯಾಯದಲ್ಲಿ."

೨

ಹಿನಾಳ ಪ್ರಬಂಧ ಈ ಸೀಮೆಯ ಮನೆಗಳಲ್ಲಿ ಹದೀಸ್ ಕಲಿಸುವ ಹೆಂಗಸರನ್ನು ಕುರಿತದ್ದು. ಹದೀಸ್ ಎಂದರೆ ಪ್ರವಾದಿಯವರ ಮಾತು, ನಡೆ. ಅದನ್ನು ಹೇಳುವವರು ಮೊದಲು ತಮಗೆ ಹೇಳಿದವರ ಹೆಸರು ಹೇಳಬೇಕು. 'ನನಗೆ ಇಂಥವರು ಹೇಳಿದರು, ಅವರಿಗೆ ಇಂಥವರು ಹೇಳಿದರು' ಎಂದು ಒಂದೊಂದೇ ಮೆಟ್ಟಿಲು ಹತ್ತುತ್ತ ಪ್ರವಾದಿಯವರ ಕಾಲದವರೆಗೆ ಹೋಗಬೇಕು. ಈ ಸರಪಳಿಗೆ ಸನದು ಎನ್ನುತ್ತಾರೆ. ಒಂದು ಕೊಂಡಿ ಬಿಟ್ಟರೆ ಮಾತಿನ ತೂಕ ಹೋಯಿತು. ಒಂದು ಅಕ್ಷರ ಬದಲಾಯಿಸಿದರೆ ಗುರುವಿನ ಮುಖ ಸಿಂಡರಿಸಿತು.

ನಾಲ್ಕನೇ ಅಧ್ಯಾಯದ ತುಂಬ ಇಂಥ ಸರಪಳಿಗಳು. ಅದರ ಜೀವ ಮೆಟ್ಟುಪಾಳ್ಯದ ಸೈತೂನ್ ಬೀವಿಯವರ ಸರಪಳಿ. ಆಲೂಗಡ್ಡೆ ಮಂಡಿಯ ಹಿಂದಿನ ಬೀದಿಯಲ್ಲಿ, ತಮ್ಮ ಮನೆಯ ಪಡಸಾಲೆಯಲ್ಲಿ, ತಲೆಮಾರುಗಟ್ಟಲೆ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ವಿದ್ವಾಂಸೆ ಅವರು. ಹಿನಾ ಅವರ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬರೆದು, ಕಾಲೇಜಿನ ಕಳ್ಳತನ ಹಿಡಿಯುವ ಸಾಫ್ಟ್‌ವೇರಿಗೆ ಹಾಕಿದಳು.

ಶೇಕಡಾ ನಲವತ್ತೊಂದು ನಕಲು ಎಂದಿತು ಅದು. ಹತ್ತರೊಳಗಿರಬೇಕು. ನಾಲ್ಕನೇ ಅಧ್ಯಾಯವಂತೂ ಮೆಣಸಿನಕಾಯಿ ಒಣಹಾಕಿದ ಅಂಗಳದ ಹಾಗೆ ಕೆಂಪಗಿತ್ತು.

(ಇಲ್ಲಿ ನಾನೊಂದು ಘೋಷಣೆ ಕೂಗಬೇಕು. ಒಂದು ವಿದ್ಯೆಯಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳುವುದು ಪುಣ್ಯ. ಇನ್ನೊಂದರಲ್ಲಿ ಅದೇ ಅಪರಾಧ! ಧಿಕ್ಕಾರ! ಹಿನಾ ತುಟಿಗೆ ಬೆರಳಿಟ್ಟಳು: "ಗ್ರಂಥಾಲಯ ಮೇಡಂ, ಮೆಲ್ಲಗೆ.")

೨ (ಮತ್ತೆ ಎರಡೇ. ಘೋಷಣೆಯಿಂದ ಲೆಕ್ಕ ತಪ್ಪಿತು)

ಧನಪಾಲ್ ಸರ್ ರಿಪೋರ್ಟನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಏನಮ್ಮಾ ಹಿನಾ, 'ಅವರು ನನಗೆ ಹೇಳಿದರು, ಅವರು ನನಗೆ ಹೇಳಿದರು' ಅಂತ ಎಷ್ಟು ಸಲ? ಸ್ವಲ್ಪ ವೆರೈಟಿ ಕೊಡು. 'ತಿಳಿಸಿದರು', 'ಗಮನಕ್ಕೆ ತಂದರು', 'ಬ್ರೀಫ್ ಮಾಡಿದರು'..."

"ಸರ್, ಹದೀಸ್ ವಿದ್ವಾಂಸರು ಯಾರೂ ಯಾರನ್ನೂ ಬ್ರೀಫ್ ಮಾಡಲ್ಲ."

"ಹೆಸರುಗಳನ್ನಾದರೂ ಹಿಂದೆಮುಂದೆ ಮಾಡೋಕಾಗುತ್ತಾ?"

ಹಿನಾ ಅವರನ್ನು ನೋಡಿದ ನೋಟಕ್ಕೆ ಧನಪಾಲ್ ಸರ್ ತಾವಾಗಿಯೇ "ಸಾರಿ" ಎಂದರು.

(ಅವರು ಮಾತಾಡಿದ್ದು ತಮಿಳು. ನಾನು ಬರೆದದ್ದು ಕನ್ನಡ. ಅಂದರೆ ಇಡೀ ಮನುಷ್ಯನನ್ನೇ ನಾನು ಬೇರೆ ಮಾತಲ್ಲಿ ತಿರುಗಿಸಿ ಬರೆದುಕೊಂಡಿದ್ದೇನೆ. ನನಗೆ ಯಾವ ರಿಪೋರ್ಟೂ ಬಂದಿಲ್ಲ.)

ಆಮೇಲೆ ಧನಪಾಲ್ ಸರ್ ಕೆಂಪು ಸಾಲಿನ ಮೇಲೆ ಮೌಸ್ ಒತ್ತಿದರು. ಹಿನಾ ಇದನ್ನು ಯಾರಿಂದ ಕದ್ದಳು ಎಂದು ಯಂತ್ರ ಹೇಳಿತು: ಕೆಲವು ವರ್ಷಗಳ ಹಿಂದೆ ಒಬ್ಬ ದೊಡ್ಡ ಪ್ರೊಫೆಸರ್ ಸಮ್ಮೇಳನವೊಂದರಲ್ಲಿ ಓದಿದ ಪ್ರಬಂಧ. ಅದರಲ್ಲಿ ಸೈತೂನ್ ಬೀವಿಯ ಪಾಠ ಸಾಲುಸಾಲಾಗಿ ಇತ್ತು. ಸೈತೂನ್ ಬೀವಿಯ ಹೆಸರು ಇರಲಿಲ್ಲ. 'ಓರ್ವ ಸ್ಥಳೀಯ ಮಾಹಿತಿದಾರೆ' ಇದ್ದಳು.

ಧನಪಾಲ್ ಸರ್ ಮುಖ ಅರಳಿತು. "ಆಯ್ತಲ್ಲ! ಈ ಪ್ರೊಫೆಸರ್ ಹೆಸರು ಅಡಿಟಿಪ್ಪಣಿಯಲ್ಲಿ ಹಾಕು, ಸಾಲುಗಳಿಗೆ ಉದ್ಧರಣ ಚಿಹ್ನೆ ಹಾಕು. ಕೆಂಪೆಲ್ಲ ಹೋಗುತ್ತೆ. ಡಾಕ್ಟರ್ ಹಿನಾ!"

"ಸರ್, ಅದು ಸೈತೂನ್ ಬೀವಿ ಹೇಳಿದ್ದು. ನಾನು ಅವರ ಬಾಯಿಂದ ಕೇಳಿದೆ."

"ಬಾಯಿಗೆ ಪ್ರಕಾಶಕರು ಯಾರಮ್ಮಾ?"

ಅವರು ತಮಾಷೆಗೆ ಕೇಳಲಿಲ್ಲ. ಸಮಿತಿ ಕೇಳುತ್ತದೆಂಬ ಭಯಕ್ಕೆ ಕೇಳಿದರು. ಹಿನಾ ಎದ್ದಳು. ಅಡಿಟಿಪ್ಪಣಿಯಲ್ಲಿ ಒಂದು ಹೆಸರು ಹಾಕಿದರೆ ಡಿಗ್ರಿ. ಹಾಕಿದರೆ ಸೈತೂನ್ ಬೀವಿ ತಮ್ಮದೇ ಪಾಠವನ್ನು ಒಬ್ಬ ಗಂಡಸಿನಿಂದ ಕಾಪಿ ಹೊಡೆದ ಹೆಂಗಸಾಗುತ್ತಾರೆ. (ಓದುಗರೇ, ಈ ಕಥೆಯಲ್ಲಿ ಪಣಕ್ಕಿರುವುದು ಇದು. ಇದನ್ನು ಒಳಗೊಳಗೇ ಧ್ವನಿಸಬೇಕು ಎನ್ನುತ್ತಾರೆ ಬಳಗದವರು. ಧ್ವನಿಸಿ ಧ್ವನಿಸಿ ನನಗೆ ಗಂಟಲು ಕಟ್ಟಿದೆ, ನೇರವಾಗಿ ಹೇಳಿಬಿಟ್ಟೆ.)

ಮನೆಯ ಗೇಟಿನಲ್ಲೇ ರಾಜಮ್ಮ ಹಿಡಿದರು. ಹಿನಾಳ ಮನೆಯೊಡತಿ. ಅವರ ಹಿರಿಯರು ಯಾವ ಕಾಲದಲ್ಲೋ ಕನ್ನಡ ಕಟ್ಟಿಕೊಂಡು ಇಲ್ಲಿಗೆ ಬೇಸಾಯಕ್ಕೆ ಬಂದವರು. ಈಗ ಬೇಸಾಯ ಹೋಗಿ ಪಂಪ್‌ಸೆಟ್ ಅಂಗಡಿ ಬಂದಿದೆ. ಕನ್ನಡ ಅಡುಗೆಮನೆಯಲ್ಲಿ ಉಳಿದಿದೆ.

"ಏನ್ ಕಣ್ಣು, ಮೊಗ ವಾಡಿ ಹೋಗಿದೆ? ಸಾಪಾಟು ಆಯ್ತಾ, ಊಟ?"

ಹಿನಾ ಎಲ್ಲ ಹೇಳಿದಳು. ರಾಜಮ್ಮ ಗಲ್ಲಕ್ಕೆ ಕೈಯಿಟ್ಟರು.

"ಅಯ್ಯೋ ಕಡವುಳೇ! ನಮ್ಮ ಪೇರನ್, ಅದೇ ಮಗಳ ಮಗ, ಇಂಜಿನಿಯರಿಂಗ್ ಪ್ರಾಜೆಕ್ಟ್ ಪೂರಾ ಕಾಪಿ ಅಡಿಸಿ ಫಸ್ಟ್ ಕ್ಲಾಸ್ ವಾಂಗಿಬಿಟ್ಟ. ನೀನು ಕಾಪಿ ಅಡಿಸ್ದೇನೇ ಮಾಟಿಕೊಂಡ್ಯಾ, ಸಿಕ್ಕಿಬಿದ್ಯಾ? ಏನ್ ಓದು ಪಡಿಚ್ಚೆ ಕಣ್ಣು ನೀನು!"

೪ (ಮೂರನ್ನು ಬರೆದಿದ್ದೆ. ಅದರಲ್ಲಿ ಹಿನಾ ಕಿಟಕಿಯ ಬಳಿ ನಿಂತು ಅಳುತ್ತಿದ್ದಳು. "ನಾನು ಅಳಲಿಲ್ಲ, ಇಡ್ಲಿ ತಿಂದೆ" ಎಂದಳು. ತೆಗೆದೆ)

ಮರುದಿನ ಮೆಟ್ಟುಪಾಳ್ಯ. ಮಂಡಿಯ ಮುಂದೆ ಲಾರಿಗಳು ಹಾರ್ನ್ ಹೊಡೆಯುತ್ತ ಅಡ್ಡಾದಿಡ್ಡಿ ನಿಂತಿದ್ದವು. ಪಡಸಾಲೆಯಲ್ಲಿ ಸೈತೂನ್ ಬೀವಿ ಗೋಡೆಗೊರಗಿ, ನೋಯುವ ಕಾಲು ಚಾಚಿ ಕೂತಿದ್ದರು.

ಪ್ರೊಫೆಸರ್ ಹೆಸರು ಹೇಳಿದೊಡನೆ ನೆನಪಾಯಿತು ಅವರಿಗೆ. "ಓ, ಆ ಕಾರ್‌ನವರಾ? ಒಳ್ಳೆ ಮನುಷ್ಯ. ಇಂಚಿ ಟೀ, ಶುಂಠಿದು, ಕೇಳಿ ಹಾಕಿಸ್ಕೊಂಡು ಕುಡಿದರು. ಟೇಪ್ ಇಟ್ಟರು, ಎತ್ಕೊಂಡು ಹೋದರು. ಪಾಠ ಮಾತ್ರ ಒಪ್ಪಿಸಲಿಲ್ಲ."

ಅವರ ವಿದ್ಯೆಯಲ್ಲಿ ಕೇಳಿದರೆ ಸಾಲದು. ಕೇಳಿದ್ದನ್ನು ಗುರುವಿನ ಮುಂದೆ ಕೂತು ಒಪ್ಪಿಸಬೇಕು, ಗುರು ತಿದ್ದಬೇಕು, ಕೊನೆಗೆ "ಇನ್ನು ನೀನು ಹೇಳಬಹುದು" ಎಂದು ಅನುಮತಿ ಕೊಡಬೇಕು. ಆ ಅನುಮತಿಗೆ ಇಜಾಝತ್ ಎಂದು ಹೆಸರು. ಅದಿಲ್ಲದವನು ಎಷ್ಟು ಕೇಳಿದ್ದರೂ ದಾರಿಹೋಕ.

"ಅಂದರೆ ಅವರಿಗೆ ಇಜಾಝತ್ ಇಲ್ಲ!" ಹಿನಾ ನೆಟ್ಟಗೆ ಕೂತಳು. (ನಾನೂ ನೆಟ್ಟಗೆ ಕೂತೆ. ಘೋಷಣೆ ಗಂಟಲವರೆಗೆ ಬಂತು.)

"ಇಲ್ಲ" ಎಂದರು ಸೈತೂನ್ ಬೀವಿ. "ಏ ಪುಳ್ಳೆ, ನೀನು ಒಪ್ಪಿಸಿದ್ದೀಯಾ?"

ಹಿನಾ ವಾರಗಟ್ಟಲೆ ಬಂದಿದ್ದಳು, ಮೊಬೈಲ್ ಇಟ್ಟಿದ್ದಳು, ಎತ್ತಿಕೊಂಡು ಹೋಗಿದ್ದಳು. ಟೀಯನ್ನೂ ಕುಡಿದಿದ್ದಳು.

"ನಿನ್ನ ಫೋನ್ ಪಾಠ ಕೇಳಿದೆ. ಅದಕ್ಕೆ ಬೇಕಾದರೆ ಇಜಾಝತ್ ಕೊಡ್ತೀನಿ, ತಾ. ಅದೇ ಹೋಗಿ ಡಾಕ್ಟರ್ ಆಗಲಿ."

ಹಿನಾ ಮಂಡಿಯೂರಿ ಕೂತಳು. ನಾಲ್ಕನೇ ಅಧ್ಯಾಯ ಅವಳಿಗೆ ಬಾಯಿಪಾಠ. ಸರಪಳಿಯನ್ನು ಕೆಳಗಿನಿಂದ ಹತ್ತತೊಡಗಿದಳು: "ನನಗೆ ಸೈತೂನ್ ಬೀವಿ ಹೇಳಿದರು. ಅವರಿಗೆ ಅವರ ಅಜ್ಜಿ ಕದೀಜಮ್ಮ ಹೇಳಿದರು..."

"ಯಾರು?"

"ಕದೀಜಮ್ಮ. ನಿಮ್ಮ ಅಜ್ಜಿ."

"ಅಜ್ಜಿ ನಾನು ಹುಟ್ಟೋಕೆ ಮೊದಲೇ ಮೌತಾದರು. ನನಗೆ ಯಾವಾಗ ಹೇಳಿದರು? ಕನಸಲ್ಲಾ, ಫೋನಲ್ಲಾ?"

ಹಿನಾ ಚೀಲದಿಂದ ಅಧ್ಯಾಯ ತೆಗೆದಳು. ಹಾಗೇ ಅಚ್ಚಾಗಿತ್ತು. ರೆಕಾರ್ಡಿಂಗ್ ಕಿವಿಗೆ ಹಿಡಿದಳು. ಸೈತೂನ್ ಬೀವಿಯ ದನಿ, 'ನನಗೆ...' ಎನ್ನುತ್ತದೆ, ಆಮೇಲೆ ಮಂಡಿಯ ಲಾರಿಯೊಂದರ ಉದ್ದನೆಯ ಹಾರ್ನ್, ಆಮೇಲೆ '...ಕದೀಜಮ್ಮ'. ಹಾರ್ನ್ ನುಂಗಿದ ಜಾಗವನ್ನು ಅವಳು ಎಲ್ಲಿ ನೋಡಿ ತುಂಬಿದ್ದಳು? ಆ ಪ್ರೊಫೆಸರರ ಪ್ರಬಂಧ ನೋಡಿ. ಒಂದೇ ಒಂದು ಸಾಲು. ಎಂದೋ ಗಡಿಬಿಡಿಯಲ್ಲಿ ತುಂಬಿ ಮರೆತಿದ್ದಳು.

"ನಡುವೆ ನಮ್ಮ ಚಿನ್ನಮ್ಮ, ಅಂದರೆ ಚಿಕ್ಕಮ್ಮ, ಇದ್ದಾರೆ. ತಾಯಿಯ ತಂಗಿ, ಹೆಸರು ಪಾತುಮುತ್ತು" ಎಂದರು ಸೈತೂನ್ ಬೀವಿ. "ಅಜ್ಜಿ ಅವರಿಗೆ ಹೇಳಿದ್ದು. ಅವರು ನನಗೆ ಹೇಳಿದ್ದು. ಒಲೆ ಊದುತ್ತಾ ಹೇಳ್ತಿದ್ದರು, ಹೊಗೆಗೆ ಕೆಮ್ಮು ಬಂದರೆ ಮತ್ತೆ ಮೊದಲಿಂದ."

ಒಬ್ಬರು ಹೇಳಿದರು, ಇನ್ನೊಬ್ಬರು ಕೇಳಿದರು ಎಂದರೆ, ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ, ಕಂಡಿದ್ದರೇ ನೋಡು. ಇದು ಮದರಸಾದಲ್ಲಿ ಮೊದಲ ವರ್ಷದ ಪಾಠ. ಹಿನಾ ಅದರಲ್ಲಿ ಬಹುಮಾನ ತೆಗೆದುಕೊಂಡಿದ್ದಳು.

೫

ಇಲ್ಲಿ ನಾನೂ ಹಿನಾಳೂ ಜಗಳವಾಡಿದೆವು.

"ಈ ಪಾತುಮುತ್ತು ಪ್ರಸಂಗ ಕಥೆಗೆ ಬೇಡ" ಎಂದೆ. "ಯಂತ್ರ ಸುಳ್ಳು, ನೀನು ಸತ್ಯ. ಕಥೆ ಅಷ್ಟಿರಲಿ. ಅನ್ಯಾಯಕ್ಕೆ ಒಳಗಾದವಳೇ ಒಂದು ಸಾಲು ಕದ್ದಿದ್ದಾಳೆ ಅಂದರೆ ನನ್ನ ವಾದ ಕುಂಟುತ್ತೆ. ಶತ್ರುಗಳು ನಗ್ತಾರೆ."

"ಆ ಪ್ರೊಫೆಸರ್ ಪಾತುಮುತ್ತುವನ್ನ ಬಿಟ್ಟರು. ನಾನೂ ಬಿಟ್ಟೆ. ಈಗ ಹೋರಾಟಕ್ಕೋಸ್ಕರ ನೀವೂ ಬಿಡ್ತೀರಾ?"

ನನ್ನ ಬಳಿ ಒಂದು ಅಡ್ಡಮಾತು ಇತ್ತು, ಅದನ್ನೇ ಆಡಿದೆ: "ಡಿಗ್ರಿ ಹೋಗುತ್ತೆ ನೋಡು."

"ಹೋಗಬಹುದು" ಎಂದಳು. ಅಷ್ಟು ಸಲೀಸಾಗಿ ಅನ್ನಲಿಲ್ಲ. ಅಂದ ಮೇಲೆ ಎರಡು ಲೋಟ ನೀರು ಕುಡಿದಳು.

ಹಿನಾ ಮತ್ತೆ ಮತ್ತೆ ಮೆಟ್ಟುಪಾಳ್ಯಕ್ಕೆ ಹೋಗಿ ಪೂರ್ತಿ ಪಾಠ ಒಪ್ಪಿಸಿ, ಬೈಸಿಕೊಂಡು, ಇಜಾಝತ್ ಪಡೆದಳು. ಅಧ್ಯಾಯದಲ್ಲಿ ಪಾತುಮುತ್ತು ಬಂದರು. ಕೆಳಗೆ ಅಡಿಟಿಪ್ಪಣಿ: 'ಇದಕ್ಕೂ ಮುಂಚಿನ ನನ್ನ ಕರಡಿನಲ್ಲಿ ಈ ಹೆಸರು ಬಿಟ್ಟುಹೋಗಿತ್ತು, ಆ ಸಾಲನ್ನು ನಾನು ಅಚ್ಚಾದ ಪ್ರಬಂಧದಿಂದ ಎತ್ತಿಕೊಂಡಿದ್ದೆ, ಆ ಪ್ರಬಂಧದಲ್ಲೂ ಹೆಸರು ಬಿಟ್ಟುಹೋಗಿದೆ. ಮೂಲ: ಸೈತೂನ್ ಬೀವಿ.' ಉಳಿದ ಕೆಂಪು ಹಾಗೇ ಉಳಿಯಿತು.

ಧನಪಾಲ್ ಸರ್ ಓದಿ ಕುರ್ಚಿಯಲ್ಲಿ ಜಾರಿದರು. "ತಪ್ಪನ್ನ ಅಡಿಟಿಪ್ಪಣಿಯಲ್ಲಿ ಯಾರಾದರೂ ಬರೀತಾರಾ? ತಪ್ಪು ಮಾಡೋದು, ಎರಡನೇ ಮುದ್ರಣದಲ್ಲಿ ಸದ್ದಿಲ್ಲದೆ ತಿದ್ದೋದು, ಅದಮ್ಮಾ ಸಂಶೋಧನೆ!" ಆದರೂ ಸಮಿತಿಗೆ ಕಳಿಸಿದರು. ಆ ಮನುಷ್ಯನನ್ನು ಖಳನಾಯಕ ಮಾಡಲು ನಾನು ಪಟ್ಟ ಪ್ರಯತ್ನ ಒಂದಾ ಎರಡಾ.

ಸಮಿತಿಯಿಂದ ಒಂದೇ ಸಾಲಿನ ಉತ್ತರ ಬಂತು: ಸೈತೂನ್ ಬೀವಿ ಎಂಬ ಮೂಲವನ್ನು ಪರಿಶೀಲಿಸಲು ಸಾಧ್ಯವಿಲ್ಲ.

ಹಿನಾ ಇದನ್ನು ಫೋನಿನಲ್ಲಿ ಗುರುವಿಗೆ ಓದಿ ಹೇಳಿದಳು.

"ಯಾಕೆ ಸಾಧ್ಯವಿಲ್ಲ?" ಎಂದರು ಸೈತೂನ್ ಬೀವಿ. "ಕಾಲು ನೋಯುತ್ತೆ ಅಷ್ಟೇ. ಬಸ್ಸಲ್ಲಿ ಬರ್ತೀನಿ."

೬

ಅಂತ್ಯಗಳು. ನನ್ನ ಬಳಿ ಬೇಕಾದಷ್ಟಿವೆ, ಆರಿಸಿಕೊಳ್ಳಿ.

ಅ) ಸೈತೂನ್ ಬೀವಿ ಪಾಠ ಹೇಳುತ್ತಾರೆ, ಸಮಿತಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ನಮ್ಮ ಬಳಗದಲ್ಲಿ ಇದನ್ನು ಓದಿದರೆ ಕಣ್ಣೀರು ಗ್ಯಾರಂಟಿ. ಆದರೆ ನಾನು ಸಮಿತಿಗಳನ್ನು ನೋಡಿದ್ದೇನೆ. ಅವು ಏಳುವುದು ಊಟಕ್ಕೆ ಮಾತ್ರ.

ಆ) ಸಮಿತಿ ತಿರಸ್ಕರಿಸುತ್ತದೆ. ಹಿನಾ ಗೇಟಿನ ಮುಂದೆ ಧರಣಿ ಕೂರುತ್ತಾಳೆ. ಭಿತ್ತಿಪತ್ರ ನಾನು ಬರೆಯುತ್ತೇನೆ. ("ನೀವು ನನ್ನ ಥೀಸಿಸ್ ಓದಿದ್ದೀರಾ?" ಎಂದು ಹಿನಾ ಕೇಳಿದಳು. ಭಿತ್ತಿಪತ್ರಕ್ಕೆ ಅಷ್ಟೊಂದು ಓದು ಬೇಕಿಲ್ಲ ಎಂದೆ.)

ಇ) ಪ್ರೊಫೆಸರ್ ಓಡಿಬಂದು ಕ್ಷಮೆ ಕೇಳುತ್ತಾರೆ. ಇದನ್ನು ಬರೆಯುವಾಗ ನನ್ನ ಪೆನ್ನೇ ನಕ್ಕಿತು.

ಇವುಗಳಲ್ಲಿ ಯಾವುದೆಂದು ಸಮಿತಿ ಕೂತ ದಿನ ಒಳಗೆ ಹೋಗಿ ನೋಡಿ ಖಚಿತ ಮಾಡಿಕೊಳ್ಳೋಣವೆಂದರೆ, ಅಟೆಂಡರ್ ಈಶ್ವರನ್ ಕೋಣೆಯ ಬಾಗಿಲಲ್ಲಿ ತಡೆದ. "ಹೊರಗಿನವರಿಗೆ ಪ್ರವೇಶ ಇಲ್ಲ ಅಕ್ಕಾ."

"ಇದು ನಾನು ಬರೆಯುತ್ತಿರುವ ಕಥೆ ಕಣಯ್ಯಾ!"

"ಬರಕೊಳ್ಳಿ. ಕಾರಿಡಾರ್‌ನಲ್ಲಿ."

ಹಿನಾ ಒಳಗೆ ಹೋದಳು. ಹಿಂದೆಯೇ, ಒಂದು ಕೈ ಗೋಡೆಗೆ, ಒಂದು ಕೈ ಧನಪಾಲ್ ಸರ್ ತೋಳಿಗೆ ಊರಿ ಸೈತೂನ್ ಬೀವಿ ಹೋದರು. ಬಾಗಿಲು ಮುಚ್ಚಿತು. ಏನೋ ಮಾತು. ಯಾರದೋ ನಗು; ಯಾವ ತರಹದ್ದು ಎಂದು ಹೊರಗಿನಿಂದ ತಿಳಿಯಲಿಲ್ಲ. ಆಮೇಲೆ ಹಿನಾಳ ದನಿ, ಅಷ್ಟೇನೂ ನಡುಗದೆ: "ನನಗೆ ಸೈತೂನ್ ಬೀವಿ ಹೇಳಿದರು. ಅವರಿಗೆ ಅವರ ಚಿನ್ನಮ್ಮ ಪಾತುಮುತ್ತು ಹೇಳಿದರು..."

ಬಾಗಿಲು ಅರ್ಧ ತೆರೆಯಿತು. ಸಮಿತಿಯ ಅಧ್ಯಕ್ಷೆ ಕಲೈಸೆಲ್ವಿ ಮೇಡಂ ತಲೆ ಹೊರಹಾಕಿ, "ಈಶ್ವರನ್, ಇನ್ನೊಂದು ಚೇರ್" ಎಂದು ಹೇಳಿ ಒಳಗೆಳೆದುಕೊಂಡರು.

ಈಶ್ವರನ್ ಪಕ್ಕದ ಕೋಣೆಯಿಂದ ಮರದ ಕುರ್ಚಿಯೊಂದನ್ನು ಎತ್ತಿಕೊಂಡು ಬಂದವನು ಹೊಸ್ತಿಲಲ್ಲಿ ನಿಂತ. ನನ್ನನ್ನು ನೋಡಿದ.

"ಯಾವ ಕಡೆ ಹಾಕಲಿ ಅಕ್ಕಾ? ಟೇಬಲ್‌ನ ಆ ಕಡೆ ಮೇಡಂಗಳು, ಸಾರ್‌ಗಳು. ಈ ಕಡೆ ಪರೀಕ್ಷೆ ಕೊಡೋರು. ಅಜ್ಜಿ ಯಾವ ಕಡೆಯವರು?"

ಇಷ್ಟು ಹೊತ್ತೂ ಸುಮ್ಮನಿರದ ನಾನು ಆಗ ಬಾಯಿ ತೆರೆದೆ. ಆ ಕಡೆ ಎನ್ನಲು ನನಗೇನು ಅಧಿಕಾರ? ಆ ಟೇಬಲ್ಲನ್ನು ಇಟ್ಟವಳು ನಾನಲ್ಲ. ಈ ಕಡೆ ಎಂದರೆ ಮೇಡಂ ಒಪ್ಪುತ್ತಾರೆ. ನನ್ನ ಕೈ ಒಪ್ಪುವುದಿಲ್ಲ.

"ಮೇಡಂ ಏನೂ ಹೇಳಲಿಲ್ಲವಾ?" ಎಂದೆ.

"ಇಲ್ಲ. ಚೇರ್ ಅಂದರು ಅಷ್ಟೇ."

ಅವನು ಭುಜದಿಂದ ಬಾಗಿಲು ನೂಕಿ ಒಳಗೆ ಹೋದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನೆಲದ ಮೇಲೆ ಕುರ್ಚಿ ಎಳೆಯುವ ಸದ್ದು. ನಿಂತಿತು. ಸೈತೂನ್ ಬೀವಿಯ ದನಿ ಕೇಳಿತು: "ಬೇಗ ಹಾಕಪ್ಪಾ, ಕಾಲು ನೋಯ್ತಿದೆ."

ಕುರ್ಚಿ ಮತ್ತೆ ಕಿರ್ ಎಂದಿತು. ಬಾಗಿಲಿನಿಂದ ದೂರಕ್ಕೋ ಹತ್ತಿರಕ್ಕೋ, ನಾನು ಕಿವಿಯಿಟ್ಟು ಕೇಳುತ್ತಲೇ ಇದ್ದೇನೆ