ಬಾಟಲಿ ಇಲ್ಲದ ಶಾಲೆ

ಹಾಸನಕ್ಕೂ ಚನ್ನರಾಯಪಟ್ಟಣಕ್ಕೂ ನಡುವೆ, ಹೆದ್ದಾರಿಗೆ ಅಂಟಿಕೊಂಡೇ ಇದ್ದ ಒಂದು ಹೈಸ್ಕೂಲು. ಎರಡು ಸಾವಿರದ ಏಳನೇ ಇಸವಿಯಲ್ಲಿ ಅಲ್ಲಿ ಒಂಬತ್ತನೇ ಕ್ಲಾಸಿನ ಧನ್ಯಾ ಎಂದರೆ ಎಲ್ಲರಿಗೂ ಗೊತ್ತು. ಶಾಲೆಯಿಂದ ಪ್ಲಾಸ್ಟಿಕ್ ಬಾಟಲಿ ಓಡಿಸಿದವಳು ಅವಳೇ.

ಅದಕ್ಕೆ ಮುಂಚೆ ಮಕ್ಕಳೆಲ್ಲ ಬಸ್ಸಿನ ಪ್ರಯಾಣಿಕರು ಎಸೆದು ಹೋದ ಬಾಟಲಿಗಳನ್ನೇ ತೊಳೆದು ಮನೆಯಿಂದ ನೀರು ತುಂಬಿ ತರುತ್ತಿದ್ದರು. ಸೀಳು ಬಿಟ್ಟದ್ದನ್ನು, ಮುಚ್ಚಳ ಕಳೆದದ್ದನ್ನು ಶಾಲೆಯ ಹಿಂದಿನ ಪೊದೆಗೆ ಬಿಸಾಡುತ್ತಿದ್ದರು. ಧನ್ಯಾಳ ಅಪ್ಪ ಕೆಂಪಣ್ಣ ಡೈರಿಗೆ ಹಾಲು ಹಾಕುವ ರೈತ. ಪ್ಲಾಸ್ಟಿಕ್ ತಿಂದು ಹೊಟ್ಟೆಯುಬ್ಬಿದ ಹಸುವೊಂದು ಅವಳ ಕಣ್ಣೆದುರಿಗೇ ಸತ್ತಿತ್ತು. ಹಾಗಾಗಿ ವಿಜ್ಞಾನದ ರಂಗನಾಯಕಿ ಮಿಸ್ಸು ಹಸಿರು ಪಡೆ ಕಟ್ಟಿ ಅವಳನ್ನೇ ಲೀಡರ್ ಮಾಡಿದಾಗ ಧನ್ಯಾ ಟೊಂಕ ಕಟ್ಟಿ ನಿಂತಳು. ಆಫೀಸಿನ ಎದುರಿನ ಜಗುಲಿಯಲ್ಲಿ ಹುಡುಗರಿಗೊಂದು, ಹುಡುಗಿಯರಿಗೊಂದು ನಲ್ಲಿಯ ಡ್ರಮ್ಮು ಬಂತು, ಸ್ಟೀಲ್ ಲೋಟ ಬಂತು. ದಿನಾ ಬೆಳಗ್ಗೆ ಅವಳು ಗೇಟಿನಲ್ಲಿ ನಿಂತು ಬ್ಯಾಗು ನೋಡಿ ಬಾಟಲಿ ಕಿತ್ತುಕೊಂಡಳು. ಹಿಂದಿನ ಪೊದೆ ಕಡಿಸಿ, ಅಲ್ಲಿದ್ದದ್ದನ್ನೆಲ್ಲ ಆರಿಸಿ ಮೂಟೆ ಕಟ್ಟಿಸಿದಳು.

ಮೂಟೆಗಳನ್ನು ಎಲ್ಲಿಡುವುದು? ಜವಾನ ಶಿವಯ್ಯ ದಾರಿ ತೋರಿಸಿದ. "ಎಣ್ಮಕ್ಳ ಲೆಟ್ರಿನ್ನು ಬೀಗ ಆಕ್ಕೊಂಡು ಸುಮ್ಕೆ ಬಿದ್ದದೆ. ನೀರಂತೂ ಇಲ್ಲ. ಅಲ್ಲಿಗೆ ತುಂಬ್ರವ್ವಾ."

ತುಂಬಿದರು. ಕೊನೆಯ ಮೂಟೆಯನ್ನು ಧನ್ಯಾ ತಾನೇ ಕಾಲಲ್ಲಿ ಒತ್ತಿ ಒಳಗೆ ತುರುಕಿದಳು.

ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಸಂಜೆ ತೊಳೆಯಲು ಹೋದರೆ ಹುಡುಗಿಯರ ಡ್ರಮ್ಮು ಹೆಚ್ಚೂ ಕಡಿಮೆ ತುಂಬಿಯೇ ಇರುತ್ತಿತ್ತು. ಯಾಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ: ಕುಡಿದರೆ ಹೋಗುವುದಕ್ಕೆ ಜಾಗವಿಲ್ಲ. ಬಾಟಲಿ ಇದ್ದಾಗ ಹುಡುಗಿಯರು ದಿನವೆಲ್ಲ ಬಾಯಿ ಒಣಗಿಸಿಕೊಂಡಿದ್ದು, ಕೊನೇ ಪೀರಿಯಡ್ಡಿನಲ್ಲಿ ಬೆಂಚಿನ ಕೆಳಗೆ ಬಗ್ಗಿ ಗಟಗಟ ಕುಡಿಯುತ್ತಿದ್ದರು; ಇನ್ನೇನು ಬಸ್ಸು ಹತ್ತಿದರೆ ಮನೆ. ತೀರಾ ಅವಸರವಾದವರಿಗೆ ಹಿಂದುಗಡೆ ಪೊದೆಯಿತ್ತು. ಕ್ಲಾಸಿನ ಮಧ್ಯೆ ಎದ್ದು ಆಫೀಸಿನ ಮುಂದಿನ ಡ್ರಮ್ಮಿಗೆ ಹೋಗುವಂತಿಲ್ಲ; ಬಾಟಲಿ, ಪೊದೆ ಎರಡೂ ಈಗ ಇಲ್ಲ. ಎರಡನ್ನೂ ಇಲ್ಲವಾಗಿಸಿದವಳು ತಾನೇ.

ಪಕ್ಕದಲ್ಲಿ ಕೂರುವ ಗೆಳತಿ ಹಂಸ ಉರಿಮೂತ್ರ ಹಿಡಿದು, ಜ್ವರ ಬಂದು ಮಲಗಿದಳು. ಸೊರಗಿ ವಾಪಸ್ ಬಂದವಳು ಅಂಗಲಾಚಿದಳು: "ಡಾಕ್ಟ್ರು ಚೆನ್ನಾಗಿ ನೀರು ಕುಡಿ ಅಂತಾರೆ. ನಂಗೊಬ್ಳಿಗೆ ಬಾಟ್ಲಿ ತರಕ್ಕೆ ಬಿಡೇ."

"ನಿಂಗೆ ಬಿಟ್ರೆ ಎಲ್ರೂ ತತ್ತಾರೆ ಕಣೇ."

"ಅಂಗಾದ್ರೆ ಲೆಟ್ರಿನ್ ಬೀಗ ತೆಗ್ಸು. ಲೀಡರ್ ಅಲ್ವಾ ನೀನು?"

ಧನ್ಯಾ ಆಫೀಸಿನ ಬಾಗಿಲವರೆಗೆ ಹೋದಳು. ಒಳಗೆ ಮೇಷ್ಟ್ರುಗಳೆಲ್ಲ ಕಾಫಿ ಕುಡಿಯುತ್ತ ಕೂತಿದ್ದರು. "ಏನಮ್ಮ ಲೀಡರ್?" ಎಂದು ಹೆಡ್ಮಾಸ್ಟರು ಯೋಗಾನರಸಿಂಹಯ್ಯನವರು ನಕ್ಕು ಕೇಳಿದರು. ಅಷ್ಟು ಗಂಡಸರ ಮುಂದೆ ಲೆಟ್ರಿನ್ನಿನ ಮಾತೆತ್ತುವುದು ಹೇಗೆ? "ಸೀಮೆಸುಣ್ಣ ಬೇಕಿತ್ತು ಸಾ" ಎಂದು, ಇಸಿದುಕೊಂಡು ಬಂದುಬಿಟ್ಟಳು.

ಅಷ್ಟರಲ್ಲಿ ಬಹುಮಾನದ ಸುದ್ದಿ ಬಂತು. ಹಾಸನದಿಂದ ಪರಿಸರ ಸಮಿತಿಯವರು ಶಾಲೆ ನೋಡಲು ಬರುತ್ತಾರಂತೆ, ಜಿಲ್ಲೆಯಲ್ಲೇ ಸ್ವಚ್ಛವಾದ ಶಾಲೆಗೆ ಬಹುಮಾನವಂತೆ. ಶಾಮಿಯಾನ ಹಾಕಿಸಿದರು. ಧನ್ಯಾ ಭಾಷಣ ಬಾಯಿಪಾಠ ಮಾಡಿದಳು. ಬಂದವರು ಮೊದಲು ಡ್ರಮ್ಮಿನ ಮುಂದೆ ನಿಂತು, "ನೀರು ಕುಡಿಯಮ್ಮ, ಫೋಟೊ ತೆಗೀಬೇಕು" ಎಂದರು. ಕುಡಿದಳು. "ಇನ್ನೊಂದ್ಸಲ. ಲೋಟ ಕಾಣೋ ಹಾಗೆ." ಮತ್ತೆ ಕುಡಿದಳು. ಹೆಡ್ಮಾಸ್ಟರು ಉತ್ಸಾಹದಲ್ಲಿ ಮತ್ತೊಂದು ಲೋಟ ತಾವೇ ತುಂಬಿ ಕೊಟ್ಟರು. ಅದನ್ನೂ ಕುಡಿದಳು.

ಆಮೇಲೆ ಅವಳನ್ನು ವೇದಿಕೆಯ ಮೇಲೆ ಅತಿಥಿಗಳ ಮಧ್ಯೆ ಕೂರಿಸಿದರು. ಸ್ವಾಗತವಾಯಿತು, ಹಾರ ತುರಾಯಿಗಳಾದವು. ಸಮಿತಿಯವರೊಬ್ಬರು ನೀರಿನ ಮಹತ್ವ ಹೇಳಲು ನಿಂತವರು ಕೂರಲೇ ಇಲ್ಲ. ಧನ್ಯಾ ಕಾಲಿಗೆ ಕಾಲು ಹೆಣೆದು, ಕುರ್ಚಿಯ ಕೈ ಹಿಡಿದು ಕೂತಳು. ಕಿಬ್ಬೊಟ್ಟೆ ಕಲ್ಲಾಯಿತು, ಬೆನ್ನಲ್ಲಿ ಬೆವರಿಳಿಯಿತು. ಇಡೀ ಶಾಲೆ ಅವಳ ಮುಖವನ್ನೇ ನೋಡುತ್ತಿತ್ತು. ಅಲುಗಾಡಿದರೆ ಎಲ್ಲಿ ಏನಾಗುತ್ತದೋ ಎಂದು ಉಸಿರನ್ನೂ ಹಿಡಿದೇ ಬಿಟ್ಟಳು. ಕೊನೆಗೆ ಚಪ್ಪಾಳೆಯ ಸದ್ದಿನಲ್ಲಿ ಮೆಲ್ಲಗೆ ವೇದಿಕೆ ಇಳಿದು ಹಿಂದುಗಡೆ ಓಡಿದಳು.

ಬಟಾಬಯಲು. ಆಚೆ ರಸ್ತೆಯಲ್ಲಿ ಬಸ್ಸುಗಳು. ಮರೆಗೆ ಒಂದು ಗಿಡವಿಲ್ಲ. ಲೆಟ್ರಿನ್ನಿನ ಬಾಗಿಲಿಗೆ ಹಣೆ ಒತ್ತಿ ನಿಂತುಬಿಟ್ಟಳು.

ಹುಡುಕಿಕೊಂಡು ಬಂದ ರಂಗನಾಯಕಿ ಮಿಸ್ಸು, "ಅಲ್ಲಿ ನಿನ್ನ ಹೆಸರು ಕರೀತಿದಾರೆ, ಇಲ್ಲೇನೇ ಮಾಡ್ತಿದೀಯ?" ಎಂದರು.

"ತಡಕೊಳ್ಳಕ್ಕಾಯ್ತಿಲ್ಲ ಮಿಸ್." ಧನ್ಯಾಳಿಗೆ ಅಳು ಬಂತು. "ನೀವೆಲ್ಲಿಗೆ ಓಯ್ತೀರಾ ಮಿಸ್?"

ಮಿಸ್ಸು ಬಾಗಿಲಿನ ಬೀಗದ ಕಡೆ ನೋಡಿದರು. "ನಾನು ಮನೆ ಬಿಟ್ಟ ಮೇಲೆ ನೀರೇ ಕುಡಿಯೋದಿಲ್ಲ ಕಣೇ. ಈ ಕೆಲಸಕ್ಕೆ ಸೇರಿದಾಗಿಂದ್ಲೂ" ಎಂದವರು, ತಿರುಗಿ ಶಿವಯ್ಯನನ್ನು ಕೂಗಿದರು. "ಬೀಗ ತೆಗೀರಿ."

"ಎಡ್ಮಾಸ್ಟ್ರು ಸ್ಟೇಜ್ ಮ್ಯಾಲವ್ರೆ ಮಿಸ್ಸಾರೆ, ಒಂದು ಮಾತು ಕೇಳ್ದೆ..."

"ತೆಗೀರಿ ಅಂದೆ."

ಬಾಗಿಲು ತೆರೆದದ್ದೇ ಮೂಟೆಗಳು ಮೈಮೇಲೆ ಉರುಳಿದವು. ಎಳೆದು ಹಾಕುವ ಭರದಲ್ಲಿ ಒಂದು ಹರಿಯಿತು. ಗಾಳಿಗೆ ಬಾಟಲಿಗಳು ಲೊಡಲೊಡ ಉರುಳುತ್ತ ಶಾಮಿಯಾನದೊಳಕ್ಕೆ ಹೋದವು. ಧನ್ಯಾ ಒಳಗೆ ನುಗ್ಗಿದಳು. ಚಿಲಕವಿರಲಿಲ್ಲ. ಹೊರಗೆ ಮಿಸ್ಸು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

ಮೈ ಹಗುರಾಯಿತು, ಆದರೆ ಹೊರಗೆ ಹೆಡ್ಮಾಸ್ಟರ ದನಿ ಕೇಳಿಸಿತು. "ಏನಮ್ಮಾ ರಂಗನಾಯಕಿ, ಬಂದೋರ ಮುಂದೆ ಶಾಲೆ ಮಾನ ಕಳೀತೀರಾ?"

"ಮಗು ಒಳಗಿದೆ ಸಾರ್. ದಯವಿಟ್ಟು ಸ್ವಲ್ಪ ಆಚೆ ಹೋಗಿ."

ಧನ್ಯಾ ಕತ್ತಲಲ್ಲಿ ಗೋಡೆಗೆ ಒರಗಿದಳು. ಯಾವ ಮುಖ ಇಟ್ಟುಕೊಂಡು ಹೊರಗೆ ಬರುವುದು? ಆ ಕೋಣೆಯಲ್ಲೇ ಇದ್ದುಬಿಡಬೇಕು ಅನ್ನಿಸಿತು. ಆಗ ಬಾಗಿಲು ಬಡಿದ ಸದ್ದಾಯಿತು. "ಬೇಗ ಬಾರೇ, ನಂಗೂ ಓಗ್ಬೇಕು" ಎಂದಳು ಹಂಸ. ಧನ್ಯಾ ಬಾಗಿಲು ತೆರೆದರೆ, ಹಂಸ ಬಕೆಟ್ಟಿನಲ್ಲಿ ನೀರು ತಂದಿದ್ದಳು. ಅವಳ ಹಿಂದೆ ಹುಡುಗಿಯರ ಸಾಲು ನಿಂತಿತ್ತು. ಯಾರೂ ನಗುತ್ತಿರಲಿಲ್ಲ.

ಬಹುಮಾನ ಬೇರೆ ಶಾಲೆಗೆ ಹೋಯಿತು. ಹೆಡ್ಮಾಸ್ಟರು ಮಿಸ್ಸಿನ ಜೊತೆಗೂ ಧನ್ಯಾಳ ಜೊತೆಗೂ ಮಾತು ಬಿಟ್ಟರು. ಆದರೆ ಲೆಟ್ರಿನ್ನಿಗೆ ಮತ್ತೆ ಬೀಗ ಬೀಳಲಿಲ್ಲ.

ಒಳಗೆ ಚಿಲಕ ಹಾಕಿಸಬೇಕು ಎಂದು ಕೇಳಲು ಧನ್ಯಾ ಆಫೀಸಿಗೆ ಹೋದಳು. ಈ ಸಲ ಹೇಳಿಯೂ ಹೇಳಿದಳು. ಹೆಡ್ಮಾಸ್ಟರು ಕಾಗದದಿಂದ ಕಣ್ಣೆತ್ತಲಿಲ್ಲ. ಅವಳು ಕದಲದೆ ನಿಂತದ್ದು ನೋಡಿ, "ನೋಡೋಣ, ಹೋಗು" ಎಂದರು. ಆ ವರ್ಷ ಚಿಲಕ ಬರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ಕಾಯುತ್ತಿದ್ದಳು.