ಅರ್ಧ ಗುಳಿಗೆ

ನಾನು ಕೋಮಲಾ. ಕೊಟ್ಟೂರಿನ ಹುಡುಗಿ, ಗುಡೇಕೋಟೆ ಕಡೆಯ ಒಂದು ಹಳ್ಳಿಯ ಉಪಕೇಂದ್ರದಲ್ಲಿ ಆರೋಗ್ಯಾಧಿಕಾರಿ. ಆ ಊರಿನ ಗಾದೆಮ್ಮಕ್ಕನ ಬಿಪಿ ನನ್ನ ನಿದ್ದೆ ಕೆಡಿಸಿತ್ತು. ತಿಂಗಳುಗಟ್ಟಲೆ ಗುಳಿಗೆ ಕೊಟ್ಟರೂ ಅದು ಇಳಿಯುವ ಮಾತೇ ಇಲ್ಲ. ಹೀಗೇ ಬಿಟ್ಟರೆ ಅಕ್ಕನಿಗೆ ಲಕ್ವ ಹೊಡೆದೀತು ಎಂಬ ಭಯ ನನಗೆ.

"ಅಕ್ಕಾ, ಗುಳಿಗಿ ದಿನಾ ತಗಂತೀಯಿಲ್ಲ?"

"ಒಂದಿನಾನೂ ಬಿಟ್ಟಿಲ್ಲವ್ವಾ."

"ಉಪ್ಪಿನಕಾಯಿ?"

"ಅದರ ಮುಖಾನೂ ನೋಡಿಲ್ಲ. ಬೇಕಂದ್ರ ನಮ್ಮ ಮನಿಯವರನ್ನ ಕೇಳು. ದಿನಾ ಮುಂಜಾನಿ ಅರ್ಧ ಗುಳಿಗಿ ಅವರಿಗಿ ಕೊಟ್ಟು, ಅರ್ಧ ನಾ ನುಂಗ್ತೀನಿ."

ಬಿಪಿ ಪಟ್ಟಿ ಸುತ್ತುತ್ತಿದ್ದ ನನ್ನ ಕೈ ನಿಂತೇ ಹೋಯಿತು. "ಏನಂದಿ?"

"ಪಕ್ಕದ ಮನಿ ಬೊಮ್ಮಯ್ಯಗ ಲಕ್ವ ಹೊಡಿತಲ್ಲ, ಅವತ್ತಿನಿಂದ ನನ್ನ ಜೀವ ನಿಂತಲ್ಲಿ ನಿಲ್ಲವಲ್ದು. ಇವರು ನೋಡಿದ್ರ ಆಸ್ಪತ್ರಿಗಿ ಬರಂಗಿಲ್ಲ. ನಾ ಒಬ್ಬಾಕಿ ಗುಳಿಗಿ ನುಂಗಿ ಅವರನ್ನ ಹಂಗ ಬಿಡಾಕ ಆಗತೈತೇನು? ಈಗ ಅವರಿಗಿ ತೆಲಿ ಬ್ಯಾರೆ ತಿರುಗಾಕ ಹತ್ತೈತಿ. ಇನ್ನೊಂಚೂರು ಜಾಸ್ತಿ ಕೊಡ್ಲೇನು?"

ಬೈಯಬೇಕು ಎಂದು ಬಾಯಿ ತೆರೆದೆ. ಅವಳ ಮುಖ ನೋಡಿ ಆಗಲಿಲ್ಲ. ಒಂದು ಬಾಳೆಹಣ್ಣು ಸಿಕ್ಕರೂ ಅರ್ಧ ಗಂಡನಿಗೆ ಎತ್ತಿಡುವ ಹೆಂಗಸು ಅವಳು.

"ಒಂದ್ ಚೂರೂ ಕೊಡಬ್ಯಾಡಕ್ಕಾ! ಮೊದಲು ಅಣ್ಣನ್ನ ಇಲ್ಲಿಗಿ ಕರಕೊಂಡು ಬಾ."

"ಯಾವಾಗ ಕರಕೊಂಡು ಬರ್ಲಿ? ನೀ ಬಾಗಿಲಾ ತೆಗಿಯೋದ್ರಾಗ ಅವರು ಕುರಿ ಹೊಡ್ಕೊಂಡು ಗುಡ್ಡ ಹತ್ತಿರ್ತಾರ. ಅವರು ಇಳಿಯೋದ್ರಾಗ ನೀ ಬಸ್ ಹತ್ತಿರ್ತಿ."

ಸಂಜೆ ಗೆಳೆಯ ಸಂಜೀವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಹರಪನಹಳ್ಳಿಯವನು, ನನ್ನ ಜೊತೆ ಓದಿದವನು, ಈಗ ಆಫ್ರಿಕಾದ ಮಲಾವಿ ದೇಶದಲ್ಲಿ ಆರೋಗ್ಯ ಯೋಜನೆಯೊಂದರಲ್ಲಿ ಕೆಲಸ ಮಾಡುತ್ತಾನೆ.

"ಲೇ ಕೋಮಲಾ, ಇಲ್ಲೂ ಅದೇ ಕತೆ," ಎಂದು ನಕ್ಕ. "ಜನ ಹೊಲಕ್ಕೆ ಹೋದ ಮೇಲೆ ನಾವು ಬಾಗಿಲು ತೆಗಿತೀವಿ. ಆಮೇಲೆ ಜನ ಬರಲ್ಲ ಅಂತ ಜನರನ್ನೇ ಬೈತೀವಿ. ಎಲ್ರಿಗೂ ಒಂದೇ ಟೈಮು, ಒಂದೇ ಬಾಗಿಲು ಇಟ್ರೆ ನ್ಯಾಯ ಆಯ್ತು ಅಂದ್ಕೊಂಡೀವಿ. ಯಾರಿಗೆ ಏನು ಬೇಕೋ ಅದು ಸಿಗಬೇಕಲ್ಲಾ?"

ಮರುದಿನ ನಮ್ಮ ಡಾಕ್ಟರಿಗೆ ಹೇಳಿ, ಬಿಪಿ ಮಿಷನ್ ಹಿಡಿದು ಸಂಜೆ ಕುರಿ ರೊಪ್ಪಕ್ಕೇ ಹೋದೆ. ಅಕ್ಕನ ಗಂಡ ಹುಲುಗಣ್ಣ ಕುರಿಗಳನ್ನು ಒಳಗೆ ಕೂಡುತ್ತಿದ್ದ.

"ಕುರಿಗಿ ಸೂಜಿ ಹಾಕಾಕ ಬಂದೇನವ್ವಾ?"

"ನಿನಗ ಪಟ್ಟಿ ಕಟ್ಟಾಕ ಬಂದೀನಣ್ಣಾ."

"ದಿನಾ ಗುಡ್ಡ ಹತ್ತಿ ಇಳಿಯೋನಿಗಿ ಎಲ್ಲೀ ಬಿಪಿ? ನೀವು ಪಟ್ಟಿ ಕಟ್ಟಿ ಕಟ್ಟಿನ ರೋಗ ತರೋದು!"

"ಸುಮ್ನ ಕೈ ಚಾಚ್ರಿ!" ಹಿಂದಿನಿಂದ ಗಾದೆಮ್ಮಕ್ಕ ಗದರಿದಳು. ಅಷ್ಟು ಕುರಿ ಆಳುವ ಮನುಷ್ಯ ಮರುಮಾತಿಲ್ಲದೆ ಕೈ ಚಾಚಿದ.

ನೋಡಿದೆ. ಮತ್ತೊಮ್ಮೆ ನೋಡಿದೆ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ.

"ಅಣ್ಣಾ, ನಿನ್ನ ಬಿಪಿ ಜಾಸ್ತಿ ಇಲ್ಲ, ಕಡಿಮಿ ಐತಿ. ಬ್ಯಾಡದ ಗುಳಿಗಿ ನುಂಗಿದ್ದಕ್ಕ ತೆಲಿ ತಿರುಗಿರಬೇಕು ಅಂತಾರ ಡಾಕ್ಟರು. ಅದನ್ನ ಬಿಡು, ಮುಂದಿನ ವಾರ ಮತ್ತ ನೋಡ್ತೀನಿ. ಆ ಕಡಿ ಅಕ್ಕಗ ಅರ್ಧ ಗುಳಿಗಿ ಸಾಲವಲ್ದು, ಆಕಿ ಬಿಪಿ ಇಳಿವಲ್ದು."

ಗಾದೆಮ್ಮಕ್ಕ ಕುಸಿದು ಕೂತಳು. "ಅಯ್ಯ, ನಾನ ಇವರ ತೆಲಿ ತಿರುಗಿಸಿದ್ನೇನು?"

"ಮದಿವಿ ಆದಾಗಿಂದ ತಿರುಗಿಸಾಕ ಹತ್ತೀಯ, ಬಿಡು," ಎಂದು ಹುಲುಗಣ್ಣ ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. "ಹಿಂಗ ಅರ್ಧನ ನುಂಗಿದ್ರ ಈಕಿಗಿ ಏನಾಗ್ತಿತ್ತವ್ವಾ?"

"ಬೊಮ್ಮಯ್ಯಗ ಆದಂಗ ಆಗಬಹುದಿತ್ತಣ್ಣಾ."

ಅವನ ನಗು ಅಲ್ಲಿಗೇ ನಿಂತಿತು. ಹೆಂಡತಿಯ ಪಕ್ಕದಲ್ಲಿ ಹೋಗಿ ಕೂತ.

ಈಗ ವಾರಕ್ಕೊಂದು ಸಂಜೆ, ಕುರಿಗಳು ಮನೆಗೆ ಬಂದ ಮೇಲೂ ನಮ್ಮ ಉಪಕೇಂದ್ರದ ಬಾಗಿಲು ತೆರೆದಿರುತ್ತದೆ. ಹುಲುಗಣ್ಣನ ತಲೆ ತಿರುಗುವುದು ನಿಂತಿದೆ, ಗಾದೆಮ್ಮಕ್ಕನ ಬಿಪಿ ಇಳಿದಿದೆ. ದಿನಾ ಮುಂಜಾನೆ ಕುರಿ ಹೊಡೆದುಕೊಂಡು ಹೋಗುವ ಮುಂಚೆ ಅವನೇ ನೀರು ಹಿಡಿದು ನಿಲ್ಲುತ್ತಾನಂತೆ. "ನನ್ನ ಮುಂದ ಪೂರಾ ನುಂಗು. ನೀ ಬಿದ್ರ ನಾ ಯಾರ ಕೂಡ ಜಗಳಾಡ್ಲಿ?" ಇದನ್ನು ನನಗೆ ಹೇಳುವಾಗ ಗಾದೆಮ್ಮಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೋ ಕಣ್ಣು ತುಂಬಿ ಬಂತು.

ಅಕ್ಕಂದಿರೇ, ಅಣ್ಣಂದಿರೇ, ಮೂವತ್ತು ದಾಟಿದ್ದರೆ ಒಮ್ಮೆ ಬಂದು ಬಿಪಿ, ಶುಗರ್ ನೋಡಿಸಿಕೊಳ್ಳಿ. ಉಪಕೇಂದ್ರದಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನು ನೀವಾಗಿಯೇ ಕಡಿಮೆ ಮಾಡಬೇಡಿ, ನಿಲ್ಲಿಸಬೇಡಿ. ನಾವು ಬಾಗಿಲು ತೆರೆಯುವ ಹೊತ್ತು ನಿಮಗೆ ಹೊಂದದಿದ್ದರೆ ಗಾದೆಮ್ಮಕ್ಕನ ಹಾಗೆ ನಮ್ಮ ಮುಖಕ್ಕೇ ಹೇಳಿ, ತಿದ್ದಿಕೊಳ್ಳುತ್ತೇವೆ. ಬಾಳೆಹಣ್ಣನ್ನು ಖಂಡಿತ ಹಂಚಿಕೊಂಡು ತಿನ್ನಿ. ಗುಳಿಗೆ ಮಾತ್ರ ಯಾರದೋ ಅವರೇ ನುಂಗಲಿ, ಪೂರಾ ನುಂಗಲಿ.