ಒಂದೂವರೆ ವರ್ಷ

"ಮೂಗು ಇನ್ನೂ ಬೆಳೀತಾನೇ ಇದೆಯಲ್ಲ!" ಎಂದು ಡಾಕ್ಟರ್ ಸುಮಾ ಹೋದ ವರ್ಷದ ಎಕ್ಸ್‌ರೇಯನ್ನೂ ಈ ವರ್ಷದ್ದನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು. ಎರಡರಲ್ಲೂ ಪದ್ಮಶ್ರೀಯ ಮುಖದ ಒಂದು ಮಗ್ಗುಲು. ಹುಟ್ಟುವಾಗಲೇ ಸೀಳಿದ್ದ ತುಟಿಯನ್ನು ಮೂರು ತಿಂಗಳ ಕೂಸಾಗಿದ್ದಾಗಲೇ ಹೊಲಿಸಿದ್ದರು. ಒಂದೇ ವರ್ಷದಲ್ಲಿ ಮೂಗಿನ ತುದಿ ಎರಡು ಮಿಲಿಮೀಟರ್ ಮುಂದೆ ಬಂದಿತ್ತು. ಮೇಲ್ತುಟಿ ಮಾತ್ರ ಹಳೆಯ ಹೊಲಿಗೆಯ ಬಿಗಿಗೆ ಇದ್ದಲ್ಲೇ ಇತ್ತು.

ಹುಣಸಮಾರನಹಳ್ಳಿ ಹತ್ತಿರದ ಈ ದಂತ ಆಸ್ಪತ್ರೆಗೆ ಅಲ್ಲಾಳಸಂದ್ರದ ಚಿಕ್ಕಬೈರಪ್ಪ ಮೊಮ್ಮಗಳನ್ನು ಏಳು ವರ್ಷದಿಂದ ಕರೆತರುತ್ತಿದ್ದರು. ಮುಖದ ಬೆಳವಣಿಗೆ ನಿಂತ ಮೇಲೆ ತುಟಿ, ಮೂಗು ಎರಡನ್ನೂ ತಿದ್ದುವ ಕೊನೆಯ ಆಪರೇಷನ್. ಅದಕ್ಕೆ ಬರುವ ಏಪ್ರಿಲ್‌ನಲ್ಲಿ ದಿನವೂ ಗೊತ್ತಾಗಿತ್ತು. ಜೂನ್‌ನಲ್ಲಿ ಕಾಲೇಜು ಸೇರುವುದಾದರೆ ಹೊಸ ಮುಖ ಹೊತ್ತೇ ಎಂದು ಪದ್ಮಶ್ರೀ ಹಟ ಹಿಡಿದು ಕಾದಿದ್ದಳು.

"ಹದಿನಾರು ತುಂಬಿದ ಹುಡುಗಿಗೆ ಇಷ್ಟು ಬೆಳೀಬಾರ್ದು. ಈಗ ಮಾಡಿದ್ರೆ ಬೆಳೀತಾ ಬೆಳೀತಾ ಮತ್ತೆ ಸೊಟ್ಟಗಾಗುತ್ತೆ. ವಯಸ್ಸು ಸರಿಯಾಗಿ ಬರೆಸಿದ್ದೀರಿ ತಾನೆ?"

"ಸ್ಕೂಲ್ ಸರ್ಟಿಫಿಕೇಟಲ್ಲೇ ಇದೆ ಮೇಡಂ," ಪದ್ಮಶ್ರೀ ಸಿಡುಕಿದಳು. "ಹೇಳು ತಾತ."

ಒಂದು 'ಹೂಂ' ಅಂದಿದ್ದರೆ ಮುಗಿಯುತ್ತಿತ್ತು. ಸೈಟಿನ ತಕರಾರಿನಲ್ಲಿ ಲಾಯರುಗಳ ಬಾಯಿ ಮುಚ್ಚಿಸಿದ ಮನುಷ್ಯ, ಪರದೆಯ ಮೇಲಿದ್ದ ಆ ಮೂಗನ್ನೇ ನೋಡುತ್ತ ಕೂತುಬಿಟ್ಟರು.

"ಅದಿನಾರಲ್ಲ ತಾಯಿ, ಅದಿನಾಲ್ಕೂವರೆ," ಎಂದರು ಕೊನೆಗೆ. "ಇಸ್ಕೂಲ್ಗೆ ಸೇರ್ಸೋವಾಗ ನಾನೇ ಮೇಷ್ಟ್ರಿಗೆ ಏಳಿ ಒಂದೂವರೆ ವರ್ಸ ಜಾಸ್ತಿ ಬರೆಸ್ದೆ. ನನ್ ದೊಡ್ಡ ಮಗನ ಉಡುಗ ಉಮೇಶ ಆ ವರ್ಸ ಒಂದ್ನೇ ಕ್ಲಾಸು. ಇವ್ಳು ಅವ್ನ ಪಕ್ಕದಾಗೆ ಕೂತ್ಕಳ್ಳಿ, ಯಾರೂ ಆಡ್ಕಳ್ದಂಗೆ ನೋಡ್ಕತಾನೆ ಅಂತ."

"ಇಷ್ಟು ವರ್ಷ ಹೇಳಲೇ ಇಲ್ವಲ್ಲ ಯಜಮಾನ್ರೇ!"

"ಮರ್ತೇ ಓಗಿತ್ತು. ಕಾಗ್ದದಾಗೆ ಇರೋದೇ ನಿಜ ಆಗೋಯ್ತು." ಅವರಿಗೆ ನಾಚಿಕೆಯಾಗಿತ್ತು.

ಡಾಕ್ಟರು ಫೈಲಿನಲ್ಲಿ ಹದಿನಾರನ್ನು ಹೊಡೆದು ಹದಿನಾಲ್ಕೂವರೆ ಎಂದು ಬರೆದರು. ಏಪ್ರಿಲ್ ಬೇಡ, ಇನ್ನೆರಡು ವರ್ಷ ಕಾಯಬೇಕು ಎಂದರು.

ಪದ್ಮಶ್ರೀ ಕೂಗಾಡಲಿಲ್ಲ. ಅಜ್ಜನಿಗೆ ಅದೇ ಹೆದರಿಕೆ ಹುಟ್ಟಿಸಿತು.

"ಜ್ವರ ಇದ್ರೂ ಉಮೇಶಣ್ಣ ಸ್ಕೂಲಿಗೆ ಬರ್ತಿದ್ದ. ಅದೂ ನೀನ್ ಹೇಳಿದ್ದಕ್ಕೇನಾ?"

"ಊಂ ಕಣವ್ವ."

"ಈಗ ಅವ್ನು ಐಟಿಐ ಸೇರ್ತಾನೆ. ಕಾಲೇಜಲ್ಲಿ ನನ್ ಪಕ್ಕ ಯಾರ್ ಕೂತ್ಕೋತಾರೆ ತಾತ?"



ಈ ವರ್ಷದ ಫೋಟೋ ಬಾಕಿ ಇತ್ತು. ಡಾಕ್ಟರು ಅವಳನ್ನು ಬಿಳಿ ಗೋಡೆಗೆ ಪಕ್ಕವಾಗಿ ನಿಲ್ಲಿಸಿದರು. ತುಟಿ ತಾನಾಗಿ ಹೇಗಿರುತ್ತದೋ ಹಾಗೇ ಇದ್ದರೆ ಮಾತ್ರ ಅಳತೆ ಸರಿ ಬರುವುದು.

"ಬಿಗಿ ಹಿಡೀಬೇಡ ಪುಟ್ಟಾ, ಸಡಿಲ ಬಿಡು."

ಬಿಟ್ಟಳು. ಬಿಟ್ಟ ಕೂಡಲೇ ತುಟಿ ನಡುಗಿತು. ಮತ್ತೆ ಕಚ್ಚಿ ಹಿಡಿದಳು, ಮತ್ತೆ ಬಿಟ್ಟಳು, ಮತ್ತೆ ನಡುಗಿತು. ಡಾಕ್ಟರು ಕ್ಯಾಮೆರಾ ಕೆಳಗಿಳಿಸಿ ಕಾಯುತ್ತ ನಿಂತರು.